ಉಂಬಳ, ಬ್ಲೇಡು ಮತ್ತು ಎಚ್‌ಐವಿ: ಭಯವೆಷ್ಟು, ನಿಜವೆಷ್ಟು?

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಶಾಲೆಗೆ ನಡೆದುಹೋಗುವ ಮಕ್ಕಳ ಕಾಲಿಗೆ ಉಂಬಳ ಹತ್ತದ ದಿನವೇ ಇಲ್ಲ. ಉಪ್ಪೋ ಸುಣ್ಣವೋ ತಾಗಿಸಿ ಕಿತ್ತೆಸೆದು, ನಿಲ್ಲದೆ ಸೋರುವ ರಕ್ತ ಒರೆಸಿಕೊಂಡು ತರಗತಿಗೆ ಹೋಗುವುದು ಇಲ್ಲಿ ಮಾಮೂಲು. ಆದರೆ ಏಡ್ಸ್ ಬಗ್ಗೆ ಪಾಠ ಕೇಳಿದ ಮೇಲೆ ಅದೇ ಉಂಬಳ ಬೇರೆಯೇ ರೂಪ ತಾಳುತ್ತದೆ. ನನಗಿಂತ ಮುಂಚೆ ಇದು ಯಾರ ರಕ್ತ ಹೀರಿತ್ತೋ? ಕಾಡಿನ ದಾರಿಯಲ್ಲಿ ಹುಟ್ಟುವ ಪ್ರಶ್ನೆ ಇದು. ದಡ್ಡ ಪ್ರಶ್ನೆಯೇನಲ್ಲ.

ಏಕೆಂದರೆ ಮಲೆನಾಡಿನ ಜನ ರಕ್ತ ಹೀರುವ ಹುಳುವಿನಿಂದ ರೋಗ ಬರುವುದನ್ನು ಕಣ್ಣಾರೆ ಕಂಡವರು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದಲೇ ಬರುತ್ತದೆ. ಆ ವೈರಸ್ ಉಣುಗಿನ ದೇಹದೊಳಗೆ ವೃದ್ಧಿಯಾಗಿ, ಅದರ ಜೊಲ್ಲಿನ ಮೂಲಕ ಮನುಷ್ಯನ ರಕ್ತ ಸೇರುತ್ತದೆ. ಎಚ್‌ಐವಿಯ ಸ್ವಭಾವವೇ ಬೇರೆ. ಅದಕ್ಕೆ ಬೆಳೆಯಲು ಬೇಕಾದದ್ದು ಮನುಷ್ಯನ ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣ. ಸೊಳ್ಳೆಯಲ್ಲಾಗಲಿ ಉಣುಗಿನಲ್ಲಾಗಲಿ ಅಂಥ ಕಣವಿಲ್ಲ. ಸೊಳ್ಳೆಯ ಹೊಟ್ಟೆ ಸೇರಿದ ಎಚ್‌ಐವಿ ರಕ್ತದ ಜೊತೆಗೇ ಜೀರ್ಣವಾಗಿ ಹೋಗುತ್ತದೆ. ಇನ್ನು ಉಂಬಳ ಒಮ್ಮೆ ಹೊಟ್ಟೆ ತುಂಬ ಹೀರಿತೆಂದರೆ ವಾರಗಟ್ಟಲೆ ಮತ್ತೊಬ್ಬರತ್ತ ಸುಳಿಯುವುದಿಲ್ಲ. ಅದರಿಂದ ಎಚ್‌ಐವಿ ಹರಡಿದ ದೃಢಪಟ್ಟ ಪ್ರಕರಣ ಇಲ್ಲ.

ಕ್ಷೌರದಂಗಡಿಯ ಬ್ಲೇಡಿನ ಮಾತೂ ಬರುತ್ತದೆ. ದೇಹದಿಂದ ಹೊರಬಿದ್ದು ಒಣಗಿದ ರಕ್ತದಲ್ಲಿ ಎಚ್‌ಐವಿ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಆ ದಾರಿಯ ಅಪಾಯ ತೀರಾ ಕಡಿಮೆ. ಹಾಗೆಂದು ಹಳೆಯ ಬ್ಲೇಡಿಗೆ ಕುತ್ತಿಗೆ ಕೊಡಬೇಕಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣ ರಕ್ತದಲ್ಲೂ ಒಂದು ವಾರ ಬದುಕಿರಬಲ್ಲುದು. ಹೊಸ ಬ್ಲೇಡು ಕೇಳುವುದಕ್ಕೆ ಅದೊಂದೇ ಕಾರಣ ಸಾಕು.

ನಿಜವಾದ ದಾರಿಗಳು ನಾಲ್ಕೇ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ ಮತ್ತೊಬ್ಬರು ಬಳಸುವುದು, ತಾಯಿಯಿಂದ ಮಗು. ಇವುಗಳ ಅಪಾಯವೂ ಒಂದೇ ಸಮನಲ್ಲ. ಸೋಂಕಿರುವ ರಕ್ತ ಪಡೆದರೆ 10ರಲ್ಲಿ 9ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲುತ್ತದೆ. ಆದ್ದರಿಂದಲೇ 1989ರಿಂದ ನಮ್ಮಲ್ಲಿ ದಾನದ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯ. ಸೋಂಕಿತರಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದ ಆಸ್ಪತ್ರೆ ಸಿಬ್ಬಂದಿಯಲ್ಲಾದರೋ ಸೋಂಕು ತಗಲುವುದು 1,000ಕ್ಕೆ ಸುಮಾರು 3 ಮಂದಿಗೆ. ಅಂಥ ಸಂದರ್ಭದಲ್ಲಿ 72 ಗಂಟೆಯೊಳಗೆ ಔಷಧಿ ಆರಂಭಿಸಿ 28 ದಿನ ತೆಗೆದುಕೊಂಡರೆ ಆ ಮೂರನ್ನೂ ಬಹುಮಟ್ಟಿಗೆ ತಡೆಯಬಹುದು. ಜೊತೆಯಲ್ಲಿ ಕೂತು ಓದುವುದು, ಒಂದೇ ತಟ್ಟೆಯಲ್ಲಿ ಉಣ್ಣುವುದು, ಕಬಡ್ಡಿ ಆಡುವುದು, ಹಾಸ್ಟೆಲಿನ ಶೌಚಾಲಯ ಇವು ಯಾವುವೂ ಈ ಪಟ್ಟಿಯಲ್ಲಿಲ್ಲ. ಇಷ್ಟು ತಿಳಿಯದ ಕಾರಣಕ್ಕೆ 2003ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಸೋಂಕಿದ್ದ ಇಬ್ಬರು ಪುಟ್ಟ ಮಕ್ಕಳನ್ನು ಶಾಲೆಯಿಂದ ದೂರವಿಡಲಾಗಿತ್ತು. ಸಾಕ್ಷರತೆಗೆ ಹೆಸರಾದ ನಾಡು ಅದು!

ಬಣ್ಣ ತಿರುಗಿದ ಆರು ಮಾದರಿಗಳು

ಇನ್ನು ಪರೀಕ್ಷೆಯ ವಿಚಾರ. 'ಇಲ್ಲ' ಎಂದು ಬಂದ ವರದಿಯನ್ನು ನಂಬದೆ, ಮತ್ತೆ ಮತ್ತೆ ಬೇರೆ ಬೇರೆ ಊರಿನ ಲ್ಯಾಬುಗಳಿಗೆ ಅಲೆಯುವ ಯುವಕರು ಎಲ್ಲೆಡೆ ಇದ್ದಾರೆ. ಹೆದರಿಕೆಯಿಂದ ಊಟ ನಿದ್ದೆ ಬಿಟ್ಟು ತೂಕ ಇಳಿದರೆ, ಆ ತೂಕ ಇಳಿದದ್ದೇ ರೋಗದ ಲಕ್ಷಣವಾಗಿ ಕಾಣುತ್ತದೆ. ಪರೀಕ್ಷೆಯ ಹೊತ್ತಿಗೆ ಓದು ಹಾಳಾದ ಹುಡುಗನ ಮನೆಯವರಿಗೆ ಕಾರಣವೇ ತಿಳಿದಿರುವುದಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅದೂ ಒಬ್ಬ ವಿದ್ಯಾರ್ಥಿನಿಯಿಂದ. ಮದ್ರಾಸ್ ಮೆಡಿಕಲ್ ಕಾಲೇಜಿನ ಸೆಲ್ಲಪ್ಪನ್ ನಿರ್ಮಲಾ ತಮ್ಮ ಮಾರ್ಗದರ್ಶಕಿ ಡಾ. ಸುನೀತಿ ಸೊಲೊಮನ್ ಅವರ ಸೂಚನೆಯಂತೆ ರಕ್ತದ ಮಾದರಿ ಸಂಗ್ರಹಿಸಿ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ರೈಲಿನಲ್ಲಿ ಒಯ್ದು ಎಲಿಸಾ ಪರೀಕ್ಷೆ ಮಾಡಿಸಿದರು. ಆರು ಮಾದರಿಗಳ ಬಣ್ಣ ತಿರುಗಿತು. ಅಷ್ಟಕ್ಕೇ ಯಾರೂ ಘೋಷಣೆ ಹೊರಡಿಸಲಿಲ್ಲ. ಹೊಸದಾಗಿ ರಕ್ತ ತೆಗೆದು, ಅಮೆರಿಕದಲ್ಲಿ ಬೇರೆ ವಿಧಾನದಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಸುದ್ದಿ ಹೊರಬಿತ್ತು.

ಬೇರೆ ವಿಧಾನ ಏಕೆ ಬೇಕು ಎಂಬುದು ಹೈಸ್ಕೂಲಿನ ಲೆಕ್ಕ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ 0.2. ಅಂದರೆ 10,000 ಜನರಲ್ಲಿ 20 ಮಂದಿ. ಸೋಂಕಿಲ್ಲದವರಲ್ಲಿ ಶೇ 99.5ರಷ್ಟು ಮಂದಿಗೆ ಸರಿಯಾಗಿ 'ಇಲ್ಲ' ಎನ್ನುವ ಪರೀಕ್ಷೆ ನಮ್ಮಲ್ಲಿದೆ ಎಂದಿಟ್ಟುಕೊಳ್ಳಿ. ಎಂಥ ಒಳ್ಳೆಯ ಪರೀಕ್ಷೆ! ಆದರೂ ಉಳಿದ 9,980 ಮಂದಿಯಲ್ಲಿ ಸುಮಾರು 50 ಜನರಿಗೆ ಅದು ತಪ್ಪಾಗಿ 'ಇದೆ' ಎನ್ನುತ್ತದೆ. ನಿಜವಾದ 20ರ ಎದುರು ಸುಳ್ಳಿನ 50. ಒಂದೇ ಪರೀಕ್ಷೆ ನಂಬಿದರೆ 50 ಮನೆಗಳು ಕಾರಣವಿಲ್ಲದೆ ಮುಳುಗುತ್ತವೆ. ಅದೇ 70 ಮಂದಿಗೆ ಬೇರೆ ತತ್ವದ ಇನ್ನೊಂದು ಪರೀಕ್ಷೆ ಮಾಡಿದರೆ ತಪ್ಪಿನ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯುತ್ತದೆ, ಮೂರನೆಯದರಲ್ಲಿ ಇಲ್ಲವೆಂಬಷ್ಟಾಗುತ್ತದೆ. ಆದ್ದರಿಂದಲೇ ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಕಿಟ್‌ಗಳೂ 'ಇದೆ' ಎಂದ ಮೇಲೆ ಮಾತ್ರ ಸೋಂಕು ಇದೆಯೆಂದು ತೀರ್ಮಾನಿಸುತ್ತಾರೆ. ಅವು ಒಂದಕ್ಕೊಂದು ತಾಳೆಯಾಗದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಈ ಪರೀಕ್ಷೆಗಳ ಗುಣಮಟ್ಟ ನೋಡಿಕೊಳ್ಳುವ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಒಂದು.

'ಇಲ್ಲ' ಎಂಬ ವರದಿ ತಪ್ಪಾಗುವುದು ಮುಖ್ಯವಾಗಿ ಅವಸರದಿಂದ. ಈ ಕಿಟ್‌ಗಳು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ತಯಾರಾಗಲು ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಬೇಕು. ನಾಲ್ಕನೇ ಪೀಳಿಗೆಯ ಲ್ಯಾಬ್ ಪರೀಕ್ಷೆಗಳು ವೈರಸ್ಸಿನ ಪಿ24 ಎಂಬ ಪ್ರೋಟೀನನ್ನೂ ಹಿಡಿಯುವುದರಿಂದ 18ರಿಂದ 45 ದಿನಗಳಲ್ಲೇ ಉತ್ತರ ಹೇಳಬಲ್ಲವು. ಅಪಾಯದ ಸಂದರ್ಭ ನಡೆದು ಮೂರು ತಿಂಗಳಾದ ಮೇಲೂ 'ಇಲ್ಲ' ಎಂದು ಬಂದರೆ, ನಡುವೆ ಹೊಸ ಅಪಾಯ ಒದಗದಿದ್ದರೆ, ಅದು ಇಲ್ಲವೆಂದೇ. ನಾಲ್ಕನೆಯ ಲ್ಯಾಬಿಗೆ ಕೊಡುವ ಹಣ ದಂಡ.

ಹಸುಗೂಸುಗಳ ಲೆಕ್ಕ ಮಾತ್ರ ತಿರುಗುಮುರುಗು. ಸೋಂಕಿರುವ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು. ಆ ವಯಸ್ಸಿನೊಳಗೆ ಈ ಕಿಟ್ 'ಇದೆ' ಎಂದರೂ ಮಗುವಿಗೆ ಸೋಂಕಿದೆ ಎಂದಾಗುವುದಿಲ್ಲ. ಆದ್ದರಿಂದ ಆರು ವಾರದಿಂದಲೇ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ 15ರಿಂದ 45. ಗರ್ಭಿಣಿಯಿರುವಾಗಲೇ ಔಷಧಿ ಆರಂಭಿಸಿದರೆ ಶೇ 5ಕ್ಕಿಂತ ಕಡಿಮೆ.

ಚಿಕ್ಕ ಊರಿನ ದೊಡ್ಡ ತೊಂದರೆಯೆಂದರೆ ಆಸ್ಪತ್ರೆಯ ಬಾಗಿಲಲ್ಲಿ ಪರಿಚಯದವರು ಕಾಣುವುದು. ಕೊಪ್ಪದವರು ಕೊಪ್ಪದಲ್ಲೇ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿಲ್ಲ. ಯಾವ ಊರಿನ ಸರ್ಕಾರಿ ಕೇಂದ್ರದಲ್ಲಾದರೂ ಪರೀಕ್ಷೆ ಉಚಿತ, ಆಪ್ತಸಲಹೆಯೂ ಇರುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು, ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಮೊದಲು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಬೇಕೆನ್ನುವವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1097 ಇದೆ. ಕರೆಗೆ ಹಣವಿಲ್ಲ.