ನಿಮ್ಮ ಹವ್ಯಾಸ ಏನು?

ಪರಿಚಯವಾಗಿ ಎರಡು ನಿಮಿಷ ಆಗಿರುವುದಿಲ್ಲ, ಎದುರಿನವರು ಕೇಳಿಬಿಡುತ್ತಾರೆ: ‘ನಿಮ್ಮ ಹಾಬಿ ಏನು?’ ನಾವು ಮಣಿಕೊಂಡಕ್ಕೆ ಮನೆ ಬದಲಾಯಿಸಿದ ಮೇಲೆ ಈ ಪ್ರಶ್ನೆ ನನಗೆ ಲಿಫ್ಟಿನಲ್ಲಿ ಬಂದಿದೆ, ಗಣಪತಿ ಪೆಂಡಾಲಿನಲ್ಲೂ ಬಂದಿದೆ. ಕೇಳಿದ ಕೂಡಲೇ ನನ್ನ ತಲೆ ಖಾಲಿ. ‘ಓದೋದು, ಹಾಡು ಕೇಳೋದು’ ಎಂದು ಪಾಠ ಒಪ್ಪಿಸಿ ಪಾರಾಗುತ್ತೇನೆ. (ಏನು ಓದಿದಿರಿ ಎಂದು ಕೇಳದಿದ್ದರೆ ಸಾಕು!)

ನಮ್ಮ ಹಿರಿಯರ ಕಾಲದ ಪ್ರಶ್ನೆ ಬೇರೆ: ‘ಯಾವೂರು? ಯಾರ ಪೈಕಿ?’ ಎರಡನೆಯದಕ್ಕೆ ಉತ್ತರ ಬಂದರೆ ಬಂದವರನ್ನು ಎಲ್ಲಿ ಕೂಡಿಸಬೇಕು, ಯಾವ ಲೋಟದಲ್ಲಿ ನೀರು ಕೊಡಬೇಕು ಎಂಬುದೂ ತೀರ್ಮಾನವಾಗುತ್ತಿತ್ತು. ಗಚ್ಚಿಬೌಲಿಯ ಕಂಪೆನಿ ಕೆಲಸಕ್ಕೆಂದು ನಾನಾ ರಾಜ್ಯದವರು ಬಂದು ಒಂದೇ ಮೆಟ್ಟಿಲು ಹತ್ತಿಳಿಯುವ ಮಣಿಕೊಂಡದಲ್ಲಿ ಅದನ್ನು ಬಾಯಿಬಿಟ್ಟು ಕೇಳಲು ಸಂಕೋಚ. ಬಾಡಿಗೆಗೆ ಮನೆ ಕೊಡುವವರಲ್ಲಿ ಕೆಲವರಿಗೆ ಆ ಸಂಕೋಚವೂ ಇಲ್ಲ, ಅದಿರಲಿ. ಹವ್ಯಾಸದ ಪ್ರಶ್ನೆ ಹುಟ್ಟನ್ನು ಬಿಟ್ಟು ನಾವೇ ಆರಿಸಿಕೊಂಡದ್ದನ್ನು ಕೇಳುತ್ತದೆ. ಆ ಮಟ್ಟಿಗೆ ಒಳ್ಳೆಯದೇ.

ತೊಡಕಿರುವುದು ಶಬ್ದದಲ್ಲಿ. ಇಂಗ್ಲಿಷಿನ ‘ಹಾಬಿ’ ಬಂದದ್ದು ಮಕ್ಕಳ ಆಟದ ಕುದುರೆಯ ಹೆಸರಿನಿಂದ. ಕೋಲಿನ ತುದಿಗೆ ಕುದುರೆ ತಲೆ ಸಿಕ್ಕಿಸಿ ಓಡುವುದು. ಊರು ಮುಟ್ಟುವುದಿಲ್ಲ, ಸವಾರಿಯ ಖುಷಿ ಮಾತ್ರ. ನಮ್ಮ ‘ಹವ್ಯಾಸ’ ಅಷ್ಟು ಹಗುರವಲ್ಲ. ಅದು ರೂಢಿಯೂ ಹೌದು, ಚಟವೂ ಹೌದು. ‘ಹವ್ಯಾಸಿ ರಂಗಭೂಮಿ’ ಎಂದರೆ ಗೌರವ. ‘ಕುಡಿಯೋ ಹವ್ಯಾಸ’ ಎಂದರೆ ಯಾರೂ ಹೆಣ್ಣು ಕೊಡುವುದಿಲ್ಲ. ತೆಲುಗಿನವರು ‘ಅಭಿರುಚಿ’ ಅನ್ನುತ್ತಾರೆ, ಅಲ್ಲಿ ಕೇಳುವುದು ರುಚಿಯನ್ನು. ಹೈದರಾಬಾದಿನ ಉರ್ದುವಿನಲ್ಲಿ ‘ಶೌಕ್’, ಅಂದರೆ ಒಲವು, ಆಸೆ. ರಾಯಚೂರು, ಕಲಬುರಗಿ, ಬೀದರ 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಉರ್ದು ಮಾತು ನಮಗೆ ಹೊಸದೇನಲ್ಲ. ಆದರೆ ಶೌಕ್ ನಮ್ಮ ಬಾಯಿಗೆ ಬಂದು ‘ಶೋಕಿ’ ಆಯಿತು, ಅರ್ಥವೂ ಕೆಟ್ಟಿತು. ದುಡ್ಡು ಉಡಾಯಿಸಿ ಮೆರೆಯುವವನಿಗೆ ಶೋಕಿ.

ರಾಯಚೂರಿಂದ ಬಂದ ನಮ್ಮಜ್ಜಿ ಸಿಕ್ಕಿಬಿದ್ದದ್ದು ಇಲ್ಲೇ. ಕೆಳಗಿನ ಮನೆಯಾಕೆ ಪ್ರೀತಿಯಿಂದಲೇ ಕೇಳಿದರು: ‘ಅಮ್ಮಾ, ಆಪ್ ಕೋ ಕ್ಯಾ ಶೌಕ್ ಹೈ?’

‘ನಮಗ್ಯಾತರ ಶೋಕಿ ತಾಯಿ! ದುಡದು ಉಂಡವರು ನಾವು’ ಎಂದಳು ಅಜ್ಜಿ, ತುಸು ಸಿಟ್ಟಿನಿಂದಲೇ. ಕೈಯಲ್ಲಿ ಸೂಜಿ, ತೊಡೆ ಮೇಲೆ ಅರ್ಧ ಹೊಲಿದ ಕೌದಿ!

ಆ ಕೌದಿ ಹೊದೆಯಲು ಬೇಕಾಗಿತ್ತೇ? ಇಲ್ಲ. ಅಂಗಡಿಯ ರಗ್ಗುಗಳು ಬೀರುವಿನಲ್ಲಿ ತುಂಬಿವೆ. ಆದರೂ ಹಳೇ ಸೀರೆ, ಧೋತರ ಪದರ ಪದರ ಹಾಸಿ ಒತ್ತಾಗಿ ಹೊಲಿಯುತ್ತಾಳೆ. ಕೆಂಪಿನ ಪಕ್ಕ ಹಳದಿ ಇಡಲೋ ನೀಲಿ ಇಡಲೋ ಎಂದು ಅರ್ಧ ಗಂಟೆ ಕೂತು ನೋಡುತ್ತಾಳೆ. ಕೇಳಿದರೆ ‘ಕೆಲಸ’ ಅನ್ನುತ್ತಾಳೆ. ಹವ್ಯಾಸವೆಂದು ಒಂದನ್ನು ಬೇರೆ ತೆಗೆದಿಡಬೇಕಾದರೆ ದಿನ ಎರಡು ಹೋಳಾಗಿರಬೇಕು, ಸಂಬಳದ್ದೊಂದು, ನಮ್ಮದೊಂದು. ಅಜ್ಜಿಯ ದಿನ ಯಾವತ್ತೂ ಹಾಗೆ ಹೋಳಾಗಿಲ್ಲ. ಹೀಗಾಗಿ ಎಷ್ಟೋ ಹಿರಿಯರು ‘ನನಗೇನೂ ಇಲ್ಲಪ್ಪ’ ಅಂದುಬಿಡುತ್ತಾರೆ, ಕೇಳಿದವರೂ ನಂಬಿಬಿಡುತ್ತಾರೆ.

ನಾನು ಪ್ರಶ್ನೆ ತಿರುಗಿಸಿ ನೋಡಿದೆ. ‘ಅಜ್ಜಿ, ಕೈ ಖಾಲಿ ಇದ್ದರ ಏನು ಮಾಡಬೇಕು ಅನಸ್ತದ?’

‘ಕೈ ಯಾಕ ಖಾಲಿ ಬಿಡಬೇಕು?’

ಕೆಳಗಿನ ಮನೆಯಾಕೆ ನನಗಿಂತ ಜಾಣೆ. ಮತ್ತೆ ಏನೂ ಕೇಳದೆ ಹೋದ ವಾರ ಎರಡು ಹಳೇ ದುಪಟ್ಟಾ ತಂದುಕೊಟ್ಟರು. ಹಸಿರಿನದು ಅಜ್ಜಿಗೆ ಒಪ್ಪಿಗೆಯಾಯಿತು. ಇನ್ನೊಂದು ಪಾಲಿಯೆಸ್ಟರು, ಸೂಜಿಗೆ ಜಾರುತ್ತದೆಂದು ವಾಪಸು ಕಳಿಸಿದಳು.