ಒರಟುಗೂದಲ ನಾಯಿಯ ಕೇಶಸಂಸ್ಕಾರ

ಆಡೂರಿನ ಸುತ್ತಣ ಹಾನಗಲ್ಲ ಸೀಮೆಯಲ್ಲಿ ಕಂಬಳಿಗೆಂದು ಕುರಿಯ ಉಣ್ಣೆಯನ್ನು ಕತ್ತರಿಯಿಂದ ತೆಗೆಯುವುದನ್ನು ಕಂಡವರಿಗೆ, ಇಂಗ್ಲೆಂಡ್ ಮೂಲದ ವೈರ್ ಫಾಕ್ಸ್ ಟೆರಿಯರ್ ನಾಯಿಯ ಕೂದಲನ್ನು ಬೆರಳುಗಳಿಂದಲೇ ಕೀಳಬೇಕೆಂಬ ಮಾತು ಕ್ರೂರವೆನಿಸೀತು; ಆದರೆ ನಿಜವು ಬೇರೆ. ಆ ನಾಯಿಯ ಹೊರಗೂದಲು ಪೂರ್ಣವಾಗಿ ಬೆಳೆದ ಮೇಲೆ ನಿರ್ಜೀವವಾಗಿ, ಬುಡ ಸಡಿಲಗೊಂಡರೂ ಬಹುಪಾಲು ತಾನಾಗಿ ಉದುರದೆ ನಿಲ್ಲುವುದು. ಕತ್ತರಿಸಿದರೆ ಆ ಹಳೆಯ ಬುಡವೇ ಚರ್ಮದಲ್ಲುಳಿದು, ಮೈಗೂದಲು ಕ್ರಮೇಣ ಮೆತ್ತಗಾಗಿ ಬಣ್ಣಗೆಡುವುದು. ನುಣುಪುಮೈಯ ನಮ್ಮ ಮುಧೋಳ ನಾಯಿಗೆ ಕೂದಲು ಕೀಳುವ ಈ ಉಪಚಾರ ಬೇಕಿಲ್ಲ. ಟೆರಿಯರ್ ನಾಯಿಗಾದರೋ ಸ್ನಾನಕ್ಕೆ ಮೊದಲೇ ಒಣಗೂದಲನ್ನು ಬಾಚಿ, ಬೆರಳಿಗೆ ಸೀಮೆಸುಣ್ಣದ ಪುಡಿ ಸವರಿ, ಒಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಕೆಲವೇ ಎಳೆಗಳನ್ನು ಅವು ಬೆಳೆದ ದಿಕ್ಕಿನಲ್ಲಿಯೇ ಸೆಳೆಯತಕ್ಕದ್ದು. ಹೊಟ್ಟೆ, ತೊಡೆಸಂದುಗಳಂಥ ಕೋಮಲಸ್ಥಾನಗಳಿಗೆ ಮಾತ್ರ ಕತ್ತರಿಯೇ ಯುಕ್ತ. ಸುಲಭವಾಗಿ ಬಾರದ ಕೂದಲನ್ನು ಬಲವಂತದಿಂದ ಕೀಳಬೇಡಿರಿ. ಚರ್ಮ ಕೆಂಪೇರಿದರೆ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ.