ರಾತ್ರಿಯಿಡೀ ನಡೆವ ಆಟ, ಒಂದೇ ಡಿಸ್ಕು

ಕಂಪ್ರೆಸ್ ಮಾಡಿದ ವಿಡಿಯೊ ಫೈಲನ್ನು ನೇರವಾಗಿ ಟಿವಿಯಲ್ಲಿ ತೋರಿಸುವ ಅಗ್ಗದ ಡಿಸ್ಕ್ ಪ್ಲೇಯರ್‌ನ ಮೂಲ ವಿಸಿಡಿಯಲ್ಲಿದೆ. 1993ರಲ್ಲಿ ರೂಪುಗೊಂಡ ವಿಸಿಡಿ, ಎಂಪೆಗ್-1 ವಿಧಾನದಲ್ಲಿ 74 ನಿಮಿಷದ ಚಿತ್ರವನ್ನು ಸಾಧಾರಣ ಸಿಡಿಯೊಂದರಲ್ಲಿ ಹಿಡಿಸಿತು. ಚಿತ್ರದ ಅಳತೆ 352x288 ಚುಕ್ಕಿ ಮಾತ್ರ. ಕನ್ನಡ ಸಿನಿಮಾ ಒಂದಕ್ಕೆ ಎರಡು ಮೂರು ಡಿಸ್ಕು ಬೇಕಾಗುತ್ತಿದ್ದವು. ನೋಡುವವರು ಅದಕ್ಕೆ ಒಗ್ಗಿಕೊಂಡರು.

ಬಯಲಾಟಕ್ಕೆ ಮಾತ್ರ ಈ ಲೆಕ್ಕ ಒಗ್ಗಲಿಲ್ಲ. ಗೋಕಾಕ ಸೀಮೆಯ ಕೌಜಲಗಿ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಹೆಸರಾದ ಊರು. ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರಿನಲ್ಲೇ ಊರು ಸೇರಿಕೊಂಡಿದೆ. ಪಾರಿಜಾತವನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದ ತಮ್ಮಣ್ಣನ ಕುಲಗೋಡವೂ ಇದೇ ಭಾಗದ್ದು. ರಾತ್ರಿ ಊಟದ ಮೇಲೆ ಶುರುವಾದ ಆಟ ಬೆಳಗಿನವರೆಗೆ ನಡೆಯುತ್ತದೆ. ಎಂಟು ತಾಸಿನ ಆಟವನ್ನು ಪೂರ್ತಿ ಚಿತ್ರೀಕರಿಸಿದರೆ ಏಳು ವಿಸಿಡಿ ಬೇಕು, ಸತ್ಯಭಾಮೆಯ ಮುನಿಸು ಏರುವ ಹೊತ್ತಿಗೇ ಡಿಸ್ಕು ಮುಗಿದರೂ ಮುಗಿಯಿತು. 1996ರಲ್ಲಿ ಬಂದ ಡಿವಿಡಿಯಲ್ಲಿ 4.7 ಜಿಬಿ ಜಾಗವಿತ್ತು. ಆದರೆ ಅದರ ಎಂಪೆಗ್-2 ಚಿತ್ರ ಒಳ್ಳೆಯ ಗುಣಮಟ್ಟದಲ್ಲಿ ಸುಮಾರು ಎರಡು ತಾಸಿಗೇ ಆ ಜಾಗವನ್ನು ತುಂಬುತ್ತಿತ್ತು.

ದಾರಿ ತೆರೆದದ್ದು ಒಂದು ಕಿಡಿಗೇಡಿತನ. 1999ರಲ್ಲಿ ಫ್ರಾನ್ಸಿನ ಜೆರೋಮ್ ರೋಟಾ ಮೈಕ್ರೋಸಾಫ್ಟ್‌ನ ಎಂಪೆಗ್-4 ಕೋಡೆಕ್ಕನ್ನು, ಅಂದರೆ ವಿಡಿಯೊವನ್ನು ಕುಗ್ಗಿಸಿ ಬಿಚ್ಚುವ ತಂತ್ರಾಂಶವನ್ನು ತಿದ್ದಿ, ಸಾಮಾನ್ಯ ಎವಿಐ ಫೈಲಿನಲ್ಲಿ ಬಳಸುವಂತೆ ಮಾಡಿದ. ಅದೇ ಡಿವ್‌ಎಕ್ಸ್. ಮರುವರ್ಷ ಅದರ ಸುತ್ತ ಕಂಪನಿಯೂ ಹುಟ್ಟಿತು. ಕೋಡೆಕ್ಕನ್ನು ಹೊಸದಾಗಿ ಬರೆಯಲಾಯಿತು. ಎಕ್ಸ್‌ವಿಡ್ ಎಂಬ ಮುಕ್ತ ಆವೃತ್ತಿ ಬೇರೆ ಕವಲಾಗಿ ಬೆಳೆಯಿತು.

ಎಂಪೆಗ್-4 ವಿಧಾನ ಪ್ರತಿ ಚೌಕಟ್ಟನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವಿಟ್ಟು, ನಡುವೆ ಬದಲಾದದ್ದನ್ನಷ್ಟೇ ದಾಖಲಿಸುತ್ತದೆ. ಕ್ಯಾಮೆರಾ ಒಂದೇ ಕಡೆ ನಿಂತು, ಹಿಂದಿನ ಪರದೆ ಅಲುಗಾಡದಿದ್ದರೆ ಬಯಲಾಟದಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಮಂದ ಬೆಳಕಿನಲ್ಲಿ ತೆಗೆದರೆ ಮಾತ್ರ ಕತೆ ಬೇರೆ: ಚಿತ್ರದ ಮೇಲಿನ ಕಾಳುಕಾಳು ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತ ಜಾಗ ತಿನ್ನುತ್ತದೆ. ಸೆಕೆಂಡಿಗೆ 1.1 ಮೆಗಾಬಿಟ್ ದರದಲ್ಲಿ ಎಂಟು ತಾಸಿನ ಆಟ ಸುಮಾರು 4 ಜಿಬಿ, ಅಂದರೆ ಒಂದೇ ಡಿವಿಡಿ.

ಇಂಥ ಡಿವ್‌ಎಕ್ಸ್ ಡಿಸ್ಕನ್ನು ಓದುವ ಪೆಟ್ಟಿಗೆ ಮೊದಲು ದುಬಾರಿಯಾಗಿತ್ತು. ಡೆನ್ಮಾರ್ಕಿನ ಕಿಸ್ ಕಂಪನಿ ದಾರಿ ತೋರಿತು. 2004ರ ಫಿಲಿಪ್ಸ್ ಡಿವಿಪಿ642 ಅದನ್ನು ಸಾಮಾನ್ಯರ ಬೆಲೆಗೆ ಇಳಿಸಿತು. ತೈವಾನಿನ ಮೀಡಿಯಾಟೆಕ್‌ನಂಥ ಕಂಪನಿಗಳು ಇಡೀ ಕೆಲಸವನ್ನು ಒಂದೇ ಚಿಪ್ಪಿಗೆ ತಂದ ಮೇಲೆ ಯಾವ ಬ್ರ್ಯಾಂಡಿನ ಹೆಸರಿದ್ದರೂ ಒಳಗಿನ ಸಾಮಗ್ರಿ ಹೆಚ್ಚುಕಡಿಮೆ ಒಂದೇ ಆಯಿತು. 2007ರಲ್ಲಿ ಮೋಸರ್ ಬೇರ್ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಲು ಇಳಿದಾಗ ಭಾರತದಲ್ಲಿ ಡಿಸ್ಕಿನ ಬೆಲೆಯೂ ಬಿತ್ತು.

ಒಳಗಿನ ಸಾಮಗ್ರಿ ಒಂದೇ ಆದ್ದರಿಂದ ಇಂಥ ಪ್ಲೇಯರನ್ನು ಅಳೆಯಬೇಕಾದದ್ದು ಹೊರಗಿನ ಹೆಸರಿನಿಂದಲ್ಲ, ಅಂಗಡಿಗೆ ಒಯ್ದ ಸ್ವಂತ ಡಿಸ್ಕಿನಿಂದ. ಸಾಮಾನ್ಯ ಎವಿಐ ಸಲೀಸಾಗಿ ಓಡಿಸುವ ಚಿಪ್ಪುಗಳಲ್ಲಿ ಹಲವು ಎಕ್ಸ್‌ವಿಡ್‌ನ ಕ್ಯೂಪೆಲ್, ಜಿಎಂಸಿ ಎಂಬ ಆಯ್ಕೆಗಳೆದುರು ತಡವರಿಸುತ್ತವೆ. ದೀರ್ಘ ಫೈಲಿನ ಕೊನೆಯ ಭಾಗಕ್ಕೆ ಹಾರಿ, ತುಟಿಗೂ ಮಾತಿಗೂ ಹೊಂದಾಣಿಕೆ ಇದೆಯೇ ನೋಡಬೇಕು. ಐದು ನಿಮಿಷ ಓಡಿಸಿದರೆ ಈ ದೋಷ ಸಿಗದು. ಕರೆಂಟು ಹೋಗಿ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುವ ಗುಣ ಹಳ್ಳಿಯ ಮನೆಗೆ ಚಿತ್ರದ ಹೊಳಪಿಗಿಂತ ದೊಡ್ಡದು. ಯುಎಸ್‌ಬಿ ಕಿಂಡಿ ಇದ್ದರೂ ಎಫ್‌ಎಟಿ32ರಲ್ಲಿ ಒಂದು ಫೈಲು 4 ಜಿಬಿ ತಲುಪುವಂತಿಲ್ಲ. ಫೈಲು ಅಷ್ಟು ದೊಡ್ಡದಾದರೆ ಆಟವನ್ನು ತುಂಡು ಮಾಡಿಯೇ ಹಾಕಬೇಕು.

ಮೊಬೈಲಿನ ಎಚ್.264 ವಿಡಿಯೊ ಈ ಹಳೆಯ ಚಿಪ್ಪುಗಳ ಕೈಗೆ ನಿಲುಕದು. ಹಾಗಾಗಿ ಇಂದು ಹೊಸದಾಗಿ ಕೊಳ್ಳುವವರಿಗೆ ಇದು ಲಾಭದ ಸರಕಲ್ಲ. ಹಳೆಯ ಡಿಸ್ಕು ಇಟ್ಟುಕೊಂಡವರಿಗೆ ಮಾತ್ರ ಉಪಯೋಗ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲು, ತೇವಕ್ಕೆ ಕೆಡುತ್ತ ಹೋಗುತ್ತದೆ. ಬಯಲಾಟದ ಡಿಸ್ಕುಗಳಿರುವವರು, ಪ್ಲೇಯರ್ ಇನ್ನೂ ಅವನ್ನು ಓದುತ್ತಿರುವಾಗಲೇ ಹಾರ್ಡ್ ಡಿಸ್ಕಿಗೆ ನಕಲು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.